ರಾತ್ರಿ ಪಾಳಿ, ಶಹಾಪುರ

ಖಿಡಕ್ಯಾಗಿಂದ ಗುಡ್ಡ ಕಾಣ್ತದ,
ಅಂಗಾತ ಮಲಗಿದ ಬುದ್ಧನ ಗುಡ್ಡ.
ಅವಂಗ ಪರವಾನಗಿ ಅದ, ಮಲಗಲಿ.
ಹೆರಿಗಿ ವಾರ್ಡಿನ್ಯಾಗ ಎಚ್ಚರ ಇರೂದು ನಾವಿಬ್ಬರು:
ನಾನು ಸ್ಟಾಫ್ ನರ್ಸು, ಎದಿ ಮ್ಯಾಗ ಹೆಸರಿನ ಪಟ್ಟಿ;
ಆಕಿ ಭೀಮಬಾಯಿ, ಪಟ್ಟಿ ಇಲ್ಲ,
ಏಜೆನ್ಸಿಯವರು ಕೊಟ್ಟ ನೀಲಿ ಕೋಟಿಗೆ
ಎರಡು ಗುಂಡಿನೂ ಇಲ್ಲ.

ಖೋಲ್ಯಾಗ ಖುರ್ಚಿ ಎರಡದಾವ.
ಒಂದರ ಮ್ಯಾಗ ನಾನು,
ಇನ್ನೊಂದರ ಮ್ಯಾಗ ನನ್ನ ಬ್ಯಾಗು.
ಆಕಿ ಬಕೀಟು ಬೋರಲು ಹಾಕಿ ಕೂಡ್ತಾಳ.
ಮೂರು ವರ್ಷ ಇದು ನನಗ ಕಂಡಿದ್ದಿಲ್ಲ.
ಕಂಡಿತ್ತೇನೋ,
ನೋಡಿದ್ದಿಲ್ಲ.

ಅವತ್ತು ಸಂಜಿಗೆ ಡಾಕ್ಟರು
ಕೇಸ್‌ಶೀಟಿನಿಂದ ತಲಿ ಎತ್ತದೇ ಅಂದಿದ್ದರು:
"ಕೇಳಿದಷ್ಟ ಹೇಳು. ಉಳಿದದ್ದು ನಿಂಗ ಬ್ಯಾಡ."
ಆ ಮಾತು ಹೊಟ್ಟ್ಯಾಗ ಇಳಿದು
ಅರಗದ ರೊಟ್ಟಿ ಹಂಗ ಕುಂತಿತ್ತು.
ರಾತ್ರಿ ಎರಡಕ್ಕ ಭೀಮಬಾಯಿ ಬಂದು
"ಅಕ್ಕೋರ, ಏಳನೇ ಬೆಡ್ಡಿನಾಕಿ ಅರಿಬಿ ಮತ್ತ ತೊಯ್ದಾವ್ರಿ" ಅಂದಾಗ
ಅದೇ ದನಿ, ತಲಿ ಎತ್ತದೇ,
ನನ್ನ ಬಾಯಾಗಿಂದ ಬಂತು:
"ಒರಸೂದು ನಿನ್ನ ಕೆಲಸ. ನೋಡೂದು ನಂದು."

ಆಕಿ ಹೋದಳು.
ಬಕೀಟು ನೆಲಕ್ಕ ಬಡಿದ ಸಪ್ಪಳ ಕೇಳಿಸ್ತು.
ಅದಕ್ಕಿಂತ ಕೆಳಗ, ಬೈಯಾಕ,
ಆಕಿಗಿ ಮತ್ಯಾರಿದ್ದರು?

ಐದು ಮಿನಿಟು ಆಗಿದ್ದಿಲ್ಲ, ತಿರುಗಿ ಬಂದಳು.
ಕೈಯಾಗ ಮಡಿಚಿದ ಅರಿಬಿ, ಕೆಂಪು ಸೋರ್ತಿತ್ತು.
"ಬೈರಿ ಬೇಕಾದ್ರ. ಮೊದಲು ಇದರ ಒಜ್ಜಿ ನೋಡ್ರಿ.
ಹದಿನೆಂಟು ವರ್ಷ ಇವನ್ನ ಒಗದೀನಿ,
ಯಾವ ಅರಿಬಿ ಎಷ್ಟು ಕುಡೀತದ
ನನ್ನ ಕೈಗಿ ಗೊತ್ತದ."
ಗ್ಲೌಸು ಹಾಕಿದ ಕೈ ಚಾಚಿದೆ.
ಹಸುಗೂಸಿನಷ್ಟು ಭಾರ ಇತ್ತು.

ಓಡಿದೆ.
ತುಟಿ ಸುಣ್ಣ ಆಗಿದ್ದವು ಹುಡುಗಿಗೆ.
ನಾ ಹೊಟ್ಟಿ ಒತ್ತಿ ಹಿಡಿದೆ, ಸೂಜಿ ಚುಚ್ಚಿದೆ, ಸಲಾಯಿನ್ ಬಿಟ್ಟೆ;
ಹೇಳೂದರೊಳಗ ಆಕಿ
ಮಂಚದ ಕಾಲಿಗೆ ಇಟ್ಟಂಗಿ ಇಟ್ಟಿದ್ದಳು,
ಫೋನು ಹಚ್ಚಿ ನನ್ನ ಕಿವಿಗೆ ಹಿಡಿದಿದ್ದಳು,
ಮತ್ತ ಒಂದೇ ಸಮ ಕರೀತಿದ್ದಳು:
"ಗೌಸಿಯಾ, ಏ ಗೌಸಿಯಾ, ಕಣ್ಣು ಬಿಡವ್ವ,
ಗೋಗಿಗೆ ಹೋಗಬೇಕಲಾ, ಕೂಸು ಅಳಾಕತ್ತದ ನೋಡು."
ನನ್ನ ಮಟ್ಟಿಗೆ ಆಕಿ ಅಲ್ಲೀತನಕ
ಏಳನೇ ಬೆಡ್ಡು.

ನಸುಕಿನ್ಯಾಗ ಡಾಕ್ಟರು ಅಂದರು,
"ಛಲೋ ವ್ಯಾಳ್ಯಾಕ್ಕ ಹಿಡದ್ರಿ, ಸಿಸ್ಟರ್."
ಈ ಸಲ ತಲಿ ಎತ್ತಿದ್ದರು, 'ರಿ' ಹಚ್ಚಿದ್ದರು.
ಭೀಮಬಾಯಿ ಬಾಗಲದಾಗ ನೆಲ ಒರಸ್ತಿದ್ದಳು.
ನನ್ನ ಬಾಯಿ ತೆರೀಲಿಲ್ಲ.
ಸುಳ್ಳು ಯಾಕ ಹೇಳಲಿ,
ತೆರೀಲಿಲ್ಲ.

ಆಮ್ಯಾಗ ರಜಿಸ್ಟರು ತೆಗೆದೆ.
ಮೊದಲು ಕಂಡವರ ಹೆಸರಿಗೆ ಅದರಾಗ ಖಾನೆ ಇಲ್ಲ.
'ಷರಾ' ಅನ್ನೂ ಸಣ್ಣ ಜಾಗಾದಾಗ ಬರೆದೆ:
ಭೀಮಬಾಯಿ ಬಂದು ತಿಳಿಸಿದ ಮೇಲೆ.
ಆ ಖಾನೆ ಯಾರೂ ಓದಂಗಿಲ್ಲ, ನನಗ ಗೊತ್ತದ.

ಬ್ಯಾಗು ಎತ್ತಿ ಕೆಳಗಿಟ್ಟೆ. "ಕೂಡ್ರಿ" ಅಂದೆ.
ಮೂರು ವರ್ಷದಾಗ ಮೊದಲ 'ರಿ'.
ನಾಲಿಗಿಗೆ ಹೊಸ ಚಪ್ಪಲಿ ಹಂಗ ಕಡೀತು.
ಆಕಿ ಖುರ್ಚಿ ನೋಡಿದಳು, ನನ್ನ ನೋಡಿದಳು, ನಕ್ಕಳು:
"ಬ್ಯಾಡ್ರಿ, ಅದರಾಗ ಕುಂತ್ರ ನಿದ್ದಿ ಹತ್ತತದ.
ಬಕೀಟಿನ ಮ್ಯಾಗ ಬೀಳೂ ಅಂಜಿಕಿ ಇರ್ತದ, ಎಚ್ಚರ ಇರ್ತೀನಿ.
ಕೊಡೂದಿದ್ರ
ಗ್ಲೌಸ್ ಒಂದು ಜೋಡಿ ಕೊಡ್ರಿ.
ನನ್ನವು ಹರದು ತಿಂಗಳಾತು."

ಬಲಗೈ ಉಗುರಿನ ಸಂದ್ಯಾಗ
ಗೌಸಿಯಾನ ರಕ್ತ ಒಣಗಿತ್ತು.

ಕಪಾಟಿನ ಕೀಲಿ ನನ್ನ ಸೊಂಟದಾಗ ಇತ್ತು.
ಮೂರು ವರ್ಷದಿಂದ
ಅಲ್ಲೇ ಇತ್ತು.