ಮೂರು ಮಣಿ ಹೆಚ್ಚು

ಮಾಂತುವಾದಲ್ಲಿ ಜನವರಿಯೆಂದರೆ
ಕೆರೆಯಿಂದೆದ್ದ ಮಂಜು ಕಿಟಕಿಗೆ ಮೂಗೊತ್ತಿ ನಿಲ್ಲುವುದು.
ಒಳಗೆ ದೀಪದಡಿ ನಾನು, ಒತ್ತಾವಿಯಾ,
ಸೊಂಟಕ್ಕೆ ಪಟ್ಟಿ ಬಿಗಿದು
ಕಡ್ಡಿಗೆ ಹತ್ತಿ ಸುತ್ತಿ, ನಾಲಗೆಗೆ ಒತ್ತಿ
ರಾಜಕುಮಾರಿಯ ಬೆನ್ನು ಒರೆಸುತ್ತೇನೆ.

ನಗಬೇಡಿ. ನಾನೂರೈವತ್ತು ವರುಷದ ಮಸಿಗೆ
ಎಂಜಲಿಗಿಂತ ಮೆತ್ತನೆಯ ಮದ್ದಿಲ್ಲ.
ಅದಕ್ಕೇ ಮಧ್ಯಾಹ್ನದ ತನಕ ನನಗೆ ಕಾಫಿ ನಿಷಿದ್ಧ.
ಕಾವಲಿನ ಎಲ್ವಿಯೋ ಬಾಗಿಲಲ್ಲಿ ನಿಂತು
ತೋರಿಸಿ ತೋರಿಸಿ ಕುಡಿಯುತ್ತಾನೆ, ಪಾಪಿ.

ತಾಯಿ ಚೆಲುವಿನ ಜಂಬ ಕೊಚ್ಚಿದ್ದಕ್ಕೆ
ಮಗಳು ಬಂಡೆಗೆ.
ಮೊಣಕಾಲು ಎಡಕ್ಕೆ, ಎದೆ ಬಲಕ್ಕೆ, ಮುಖ ಮತ್ತೆ ಎಡಕ್ಕೆ,
ಒಗೆದ ಬಟ್ಟೆ ಹಿಂಡಿದ ಹಾಗೆ.
ಕೆಳಗೆ ಬಾಯ್ತೆರೆದ ಕಡಲಮೃಗ; ಅದಕ್ಕೋ ನಾಯಿಯ ಕಣ್ಣು.
ಬಿಡಿಸಲು ಬರುವ ವೀರ
ಮೇಲಿನ ಮೂಲೆಯಲ್ಲಿ, ನೊಣದಷ್ಟು.
ಮೊದಲ ವಾರ ನೊಣದ ಹಿಕ್ಕೆಯೆಂದೇ ಒರೆಸಹೋಗಿದ್ದೆ.

ಬೆನ್ನಿನ ಮಣಿ ಎಣಿಸಿದೆ.
ಇನ್ನೊಮ್ಮೆ ಎಣಿಸಿದೆ. ಮೂರು ಹೆಚ್ಚು.
ಕುತ್ತಿಗೆ ಕೊಕ್ಕರೆಯದು. ಬೆರಳು ಮೇಣದ ಬತ್ತಿ, ಗಂಟೇ ಇಲ್ಲ.
ಯಾವ ಹೆಣ್ಣೂ ಹೀಗೆ ನಿಲ್ಲಲಾರಳು,
ಸೊಂಟದ ಮಣಿ ಜಾರಿದ ದಿನ
ಒಲೆಯ ಮುಂದೆ ನಾನು ನಿಂತದ್ದು ಬಿಟ್ಟರೆ.
ಆ ಕಾಲದವರಿಗೆ ಅದೇ ಸೊಗಸು:
ಇದ್ದದ್ದು ಇದ್ದಂತೆ ಬರೆಯಲು ಕುಂಚ ಯಾಕೆ, ಕನ್ನಡಿ ಸಾಲದೆ?

ಇವತ್ತು ಪಾದಕ್ಕೆ ಇಳಿದೆ.
ದೀಪದ ಹೊಗೆ ಹತ್ತಿಗೆ ಹತ್ತಿ ಬಂತು, ಚಹದ ಕಲೆಯಂತೆ.
ಹಿಮ್ಮಡಿ. ಒಂದು ಒಡಕು.
ಕಿರುಬೆರಳ ಪಕ್ಕ ಕೆಂಪು, ಬಾತ ಕೆಂಪು,
ಚಳಿಗೆ ಚರ್ಮ ಊದಿ ತುರಿಸುವ ಆ ಕೆಂಪು.
ನಮ್ಮಜ್ಜಿಗೆ ಬರುತ್ತಿತ್ತು,
ಬೆಳಗಿನ ಜಾವ ಕೆರೆಯಲ್ಲಿ ಕಂಡವರ ಹಾಸಿಗೆ ಬಟ್ಟೆ ಒಗೆದು.

ಇಥಿಯೋಪಿಯಾದ ಕಡಲತಡಿ, ಸುಡು ಬಿಸಿಲು, ಅರಸನ ಮಗಳು.
ಅವಳಿಗೆಲ್ಲಿಂದ ಬಂತು ಮಾಂತುವಾದ ಚಳಿ?

ಎಲ್ಲ ಎಳೆದ, ಎಲ್ಲ ತಿರುಚಿದ ಆ ಪುಣ್ಯಾತ್ಮ
ಈ ಒಂದು ಬೆರಳಿಗೆ ಸುಳ್ಳು ಹೇಳಲು ಮರೆತನೋ,
ಇಲ್ಲಾ, ಬಹಳ ಹೊತ್ತು ನಿಂತವಳು
"ಮುಗೀತಾ?" ಅಂದಾಗ
ಒಮ್ಮೆ ಕೆಳಗೆ ನೋಡಿದನೋ.

ವರದಿಯಲ್ಲಿ ಬರೆದೆ: ಎಡಪಾದ, ಶುಚಿಯಾಗಿದೆ, ನಷ್ಟವಿಲ್ಲ.
ಎಲ್ವಿಯೋನ ಕೈಯಿಂದ ಲೋಟ ಕಿತ್ತುಕೊಂಡೆ. ಆರಿತ್ತು.
ಮೇಜಿನಡಿಯ ಹೀಟರನ್ನು ಕಾಲಲ್ಲೇ
ಒಂದು ಗೇಣು ಅವಳತ್ತ ನೂಕಿದೆ.
ಬಣ್ಣ ಬಿರಿದೀತು, ಗೊತ್ತು.
ಮತ್ತೆ ಹಿಂದಕ್ಕೆ ಎಳೆದುಕೊಂಡೆ.