ಸನೀನು ಕೂರುವ ಸದ್ದು

ಹನ್ನೊಂದು ಇವೆ ನನ್ನಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟವು.
ಮೊಳೆಯಂಥವು ಮೂರು, ಹಲಸಿನಕಾಯಿ ಕೊಯ್ಯಲೂ ಬಾರದವು;
ಇಶಾಪುರದ ಗಿಡ್ಡ ಅಲಗಿನವು ಐದು;
ಒಂದು ಯಾವ ದೇಶದ್ದೋ, ಹಿಡಿಗೆ ಹದ್ದಿನ ತಲೆ,
ಮಡಿಕೇರಿಯ ಗುಜರಿಯಲ್ಲಿ ಸೌಟುಗಳ ನಡುವೆ ಸಿಕ್ಕಿದ್ದು.
ಉಳಿದೆರಡನ್ನು ಯಾರಿಗೂ ತೋರಿಸುವುದಿಲ್ಲ.
ಕೂರಲಿಲ್ಲವೆಂದು ಉಂಗುರಕ್ಕೆ ಅರ ಹಾಕಿ ಹಾಕಿ
ಉಂಗುರವನ್ನೇ ಕಳೆದೆ.
ಆಗ ಪ್ರಾಯ, ಅವಸರ.

ರೈಫಲ್ಲು ಒಂದೇ, ಅದೂ ನನ್ನದಲ್ಲ.
ಗಂಟಲಿಗೆ ಸೀಸ ಹುಯ್ದು, ಬಾಯಿ ಕಟ್ಟಿಸಿ
ಸರಕಾರ ಮಾಜಿ ಸೈನಿಕರ ಸಂಘಕ್ಕೆ ಕೊಟ್ಟದ್ದು.
ಅಮ್ಮತ್ತಿಯ ಕಚೇರಿ ಗೋಡೆಯಲ್ಲಿ
ಕ್ಯಾಲೆಂಡರಿನ ಪಕ್ಕ ತೂಗುತ್ತದೆ.
ನಾನು ಆರ್ಮರರ್ ಹವಾಲ್ದಾರ ಚೆಟ್ಟಿಚ್ಚ;
ನನಗೆ ಪೆನ್ಶನ್ ಆಯಿತು, ಕೈಗೆ ಆಗಲಿಲ್ಲ.
ಶನಿವಾರ ಶನಿವಾರ ಇಳಿಸಿ ಒರೆಸುತ್ತೇನೆ.
ಮೂತಿಯಲ್ಲಿ ಗುಬಟು, ಅದರ ಹಿಂದೆ ಪಟ್ಟಿ:
ಉಂಗುರ ಗುಬಟಿಗೆ, ಗಾಡಿ ಪಟ್ಟಿಗೆ,
ಆಮೇಲೆ ಸ್ಪ್ರಿಂಗು ಕಚ್ಚಬೇಕು.
ಇಶಾಪುರದವು ಕಚ್ಚುತ್ತವೆ, ನಿಜ,
ಆದರೆ ಹಳೆಯ ಹಲ್ಲಿನ ಹಾಗೆ ಅಲ್ಲಾಡುತ್ತವೆ.
ಇದರದ್ದು ಹದಿನೇಳು ಇಂಚಿನ ಉದ್ದ ಅಲಗು.
ಮರದಲ್ಲಿ ಹಿತ್ತಾಳೆ ಬಿಲ್ಲೆ: ಇನ್ನೂರ ಅರವತ್ತೆಂಟು.
ಜೊತೆಯದು ಎಲ್ಲೋ ಇರಬೇಕು,
ಕಬ್ಬಿಣ ಎಲ್ಲಿಗೆ ಹೋಗುತ್ತದೆ?

ಸಿದ್ದಾಪುರದ ಸಂತೆಗೆ ಹೋಗಿತ್ತು.
ಮೇದರ ಚೋಮಕ್ಕನ ಕೈಯಲ್ಲಿ ಬಿದಿರು ಸೀಳುತ್ತಿತ್ತು.
ಒಂಬತ್ತು ಇಂಚು ಉಳಿದಿದೆ, ಮಿಕ್ಕದ್ದನ್ನು ಕಲ್ಲು ತಿಂದಿದೆ.
ಉಂಗುರಕ್ಕೆ ಸೈಕಲ್ ಟ್ಯೂಬು ಸುತ್ತಿದ್ದಾಳೆ, ಬೆರಳಿಗೆ ತಾಗದ ಹಾಗೆ.
ಅವಳ ಅಪ್ಪ ಒಂದು ಭತ್ತದ ಕುಕ್ಕೆ ಕೊಟ್ಟು
ಯುದ್ಧದಿಂದ ಬಂದ ಯಾರಿಂದಲೋ ಪಡೆದದ್ದಂತೆ.
ಯಾರಿಂದ, ನೆನಪಿಲ್ಲ. ಕುಕ್ಕೆ ಒಳ್ಳೆಯದಿತ್ತು.
ಕೇಳಿ ತಿರುಗಿಸಿ ನೋಡಿದೆ. ಹಿಡಿಯ ತುದಿಯಲ್ಲಿ ಒಂದು ಎರಡು,
ಮುಂದಿನದು ಆರೋ ಎಂಟೋ;
ಉಳಿದದ್ದನ್ನು ಅವಳ ಅಂಗೈ ಒರೆಸಿದೆ.

ದುಡ್ಡು ಹೇಳಿದೆ. ತಲೆಯೆತ್ತಲಿಲ್ಲ.
"ಕೊಂಡು ಹೋಗಿ ಎಂಥ ಮಾಡ್ತೀರಿ?"
ಕೋವಿಯ ತುದಿಗೆ ಸಿಕ್ಕಿಸುತ್ತೇನೆ ಎಂದೆ.
"ಅಲ್ಲಿ ಅದಕ್ಕೆ ಎಂಥ ಕೆಲಸ?"

ಇಪ್ಪತ್ನಾಲ್ಕು ವರ್ಷ ಕವಾಯತಿನಲ್ಲಿ ಕೂಗಿ ಹೇಳಿಸಿದ ಉತ್ತರ
ಆ ಸಂತೆಯಲ್ಲಿ, ಒಣಮೀನಿನ ಪಕ್ಕ,
ಬಾಯಿಗೆ ಬರಲಿಲ್ಲ.

"ದುಡ್ಡು ಬಿದಿರು ಸೀಳ್ತದಾ? ಕತ್ತಿ ತನ್ನಿ."

ಮುಂದಿನ ವಾರ ತಂದೆ.
ಗೋಣಿಕೊಪ್ಪದ ಹೊಸ ಕತ್ತಿಗೆ "ತಗಡು" ಎಂದಳು.
ಇಶಾಪುರದ್ದಕ್ಕೆ ಒಂದು ಗಿಣ್ಣು ಕೊಟ್ಟು ನೋಡಿ,
"ಬೆನ್ನು ದಪ್ಪ, ದಾರಿ ತಪ್ತದೆ."
ಚೀಲದ ತಳದಲ್ಲಿದ್ದದ್ದು ಅವಳೇ ಎಳೆದದ್ದು,
ನಾನು ಕೆಡಿಸಿದ ಎರಡರಲ್ಲಿ ಒಂದು.
ಬಿದಿರು ಗಿಣ್ಣಿಂದ ಗಿಣ್ಣಿಗೆ, ಸೀಳು ನೆಟ್ಟಗೆ,
ನೂಲು ಬಿಚ್ಚಿದ ಹಾಗೆ ಬಂತು.
"ಇದಕ್ಕೆ ಉಂಗುರ ಇಲ್ಲ. ಯಾರೋ ತಿಳಿದವರು ತೆಗೆದಿದ್ದಾರೆ."
ನಾನು ಒಣಮೀನಿನ ಬೆಲೆ ಕೇಳಿದೆ.

ಕಚೇರಿಯಲ್ಲಿ ರೈಫಲ್ಲು ಇಳಿಸಿ ಕೂರಿಸಿದೆ. ಕೂರಲಿಲ್ಲ.
ಕೈ ತಾನಾಗಿ ಅರದ ಡಬ್ಬಿಗೆ ಹೋಯಿತು. ಎಳೆದುಕೊಂಡೆ.
ಬೆಳಕಿಗೆ ಹಿಡಿದರೆ ಗಾಡಿಯ ತುಂಬ ಗಟ್ಟಿ ಹಳದಿ ಗೋಡೆ,
ಎರಡು ತಲೆಮಾರಿನ ಬಿದಿರ ಹುಡಿ.
ಗೋಣಿ ಹೊಲಿಯುವ ಸೂಜಿಯಿಂದ ಸಂಜೆಯವರೆಗೆ ಕೆದಕಿದೆ.
ಮೇಜಿನ ಮೇಲೆ ಚಿಟಿಕೆ ಚಿಟಿಕೆ ಬಿತ್ತು, ಹಸಿ ಕಳಲೆಯ ವಾಸನೆ,
ಅಥವಾ ನನಗೆ ಹಾಗೆ.
ಮತ್ತೆ ತಳ್ಳಿದೆ.
ಟಕ್.
ಅಲ್ಲಾಡಿಸಿದೆ. ಅಲ್ಲಾಡಲಿಲ್ಲ.

ಕೈಲ್‌ಪೊಳ್ದಿಗೆ ಎಲ್ಲ ತೋಕುಗಳ ಜೊತೆ ಅದನ್ನೂ ಇಟ್ಟೆವು.
ಕಾರ್ಯದರ್ಶಿ ಬೆಳ್ಯಪ್ಪ ಕನ್ನಡಕ ಏರಿಸಿ,
"ಇದೇನು ಮಾರಾಯ, ಮೋಟು? ಲೆಕ್ಕಕ್ಕೆ ಎಂಟು ಇಂಚು ಕಡಿಮೆ."
ತೋಕ್‌ಪೂವನ್ನು ಮೂತಿಗೆ ಸಿಕ್ಕಿಸುತ್ತ ಹೇಳಿದೆ:
ಎಂಟು ಇಂಚು ಊರ ತುಂಬ ಇದೆ,
ನಿಮ್ಮ ಮನೆಯ ಭತ್ತದ ಕುಕ್ಕೆ ಒಮ್ಮೆ ನೋಡಿ.
ಅವನಿಗೆ ಅರ್ಥವಾಗಲಿಲ್ಲ. ಕಡಂಬುಟ್ಟು ಆರುತ್ತಿತ್ತು,
ಎಲ್ಲರೂ ಒಳಗೆ ಹೋದೆವು.