ಗಿರಣಿ ಬಾಗ, ಸೊಲ್ಲಾಪುರ

ಬೋರ್ಡು ಮರಾಠಿಯಲ್ಲಿದೆ: ಹೂ ಕೀಳಬೇಡಿ.
ರೇವಣಸಿದ್ಧನ ಗದರಿಕೆ ಮಾತ್ರ ಕನ್ನಡ.
ಹುಡುಗರು ತೆಲುಗಿನಲ್ಲಿ ನಕ್ಕು ಓಡುತ್ತಾರೆ.

ಐತವಾರ ಸಾಹೇಬರ ಬ್ಯಾಂಡು ಊದುತ್ತಿದ್ದ ಕಟ್ಟೆ ಇದು.
ಒಳಗೆ ಬರುವಂತಿರಲಿಲ್ಲ ನಮ್ಮವ್ವನ ಅವ್ವ;
ಕಬ್ಬಿಣದ ಜಾಲರಿಗೆ ಕಿವಿಯಿಟ್ಟು ನಿಂತಳಂತೆ,
ಕೂದಲ ತುಂಬ ಅರಳೆ.

ಮುಷ್ಕರದ ವರ್ಷ
ಅದೇ ಕಟ್ಟೆ ಹತ್ತಿ
ಕೂಲಿ ಇಳಿದ ಲೆಕ್ಕ ಒದರಿದಳು:
ಎಂಟಾಣೆ, ಏಳಾಣೆ, ಈಗ ಆರೂವರೆ.
ಕನ್ನಡದಲ್ಲೇ.
ತೆಲುಗು ನೇಕಾರರಿಗೂ ತಿಳಿಯಿತು.

ಚಿಮಣಿ ಇದ್ದಲ್ಲಿ ಕಾರಂಜಿ;
ಅದಕ್ಕೂ ವಾರಕ್ಕೊಮ್ಮೆ ರಜೆ.
ಭೋಂಗಾ ನಿಂತು ಎಷ್ಟೋ ವರ್ಷ.

ಸಂಜೆ ಗೇಟು ಮುಚ್ಚುವ ಹೊತ್ತಿಗೆ
ರೇವಣಸಿದ್ಧ ಸೀಟಿ ಊದುತ್ತಾನೆ.
ಮೂಲೆಯ ಬೆಂಚಿನ ನಾಲ್ವರು ಮುದುಕರು
ತಟ್ಟನೆ ಎದ್ದು, ಜೇಬಿನಲ್ಲಿ
ಹಾಜರಿ ಬಿಲ್ಲೆ ತಡಕುತ್ತಾರೆ.